ಮೂಡಣ ಕಡಲಿನ ಪಡುಗಾಳಿ

ಮೊನ್ನೆ ಬಟ್ಟೆ ಒಣಹಾಕಲು ಹಗ್ಗ ಬೇಕೆಂದು ಚೆನ್ನೈಯ ಪ್ಯಾರೀಸ್ ಕಾರ್ನರ್‌ನ ಅಂಗಡಿಗೆ ಹೋಗಿದ್ದೆ. ಮೂಲೆಯಲ್ಲಿ ಹೊಸ ಮೀನುಬಲೆಗಳ ರಾಶಿ. ಆ ನೈಲಾನ್ ವಾಸನೆ ಮೂಗಿಗೆ ಬಡಿದದ್ದೇ ತಡ, ಬಲೆ ಹೆಣೆಯುತ್ತ ಕೂತಿದ್ದ ಒಬ್ಬ ಮೀನುಗಾರ ತಾತ ನೆನಪಾದರು...

ಆಗ ನನಗೆ ಇಪ್ಪತ್ತಾರು. ಟಿ. ನಗರದಲ್ಲಿ ಬ್ಯಾಂಕಿನ ಕೆಲಸ, ಅಮ್ಮನ ಜೊತೆ ವಾಸ, ತಲೆತುಂಬ ಕೈಟ್ ಸರ್ಫಿಂಗ್ ಹುಚ್ಚು. ದೊಡ್ಡ ಗಾಳಿಪಟವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಹಲಗೆಯ ಮೇಲೆ ನಿಂತು ಅಲೆ ಏರುವ ಆಟ. ರಜೆಯಲ್ಲಿ ಊರಿಗೆ ಹೋದಾಗ ಕುಂದಾಪುರದ ಕಡಲಲ್ಲಿ ಕಲಿತದ್ದು. ನಮ್ಮಲ್ಲಿ ಪಡುಗಾಳಿ, ಅಂದರೆ ಪಶ್ಚಿಮದ ಗಾಳಿ, ಬೀಸಿದರೆ ಭಯವಿಲ್ಲ. ಬಿದ್ದವರನ್ನು ದಡಕ್ಕೇ ತಂದು ಹಾಕುತ್ತದೆ.

ಒಂದು ಭಾನುವಾರ ಬೆಳಿಗ್ಗೆ ಫೋನು ಪಡುಗಾಳಿ ತೋರಿಸಿತು. ಸರಿ, ಹೊರಟೇಬಿಟ್ಟೆ, ಅದುವರೆಗೆ ಕಾಲಿಡದ ಒಂದು ಮೀನುಗಾರರ ಕುಪ್ಪಂಗೆ, ಅಂದರೆ ಕಡಲದಡದ ಕೇರಿಗೆ. ಹಿಂದೆ ಗಾಳಿಮರದ ತೋಪು. ಅದರ ಮರೆಯಲ್ಲಿ ಗಾಳಿಯೇ ಗೊತ್ತಾಗುತ್ತಿರಲಿಲ್ಲ. ಅಲೆಗಳೋ, ಬಾಚಿದ ತಲೆಯ ಹಾಗೆ ನೀಟು. ಅಮ್ಮನಿಗೆ ಫೋನಿನಲ್ಲಿ ಏನೋ ಸುಳ್ಳು ಹೇಳಿ, ಪಟದ ಕೊಕ್ಕೆಯನ್ನು ಸೊಂಟಕ್ಕೆ ಸಿಕ್ಕಿಸಿದೆ.

ದಡದಲ್ಲಿ ಬಲೆ ಹೆಣೆಯುತ್ತಿದ್ದ ಆ ತಾತ ಕೆಲಸ ಬಿಟ್ಟು ಓಡಿ ಬಂದರು. ಮಲ್ಪೆಯ ಬೋಟುಗಳಲ್ಲಿ ಬಹುಕಾಲ ದುಡಿದು ಕನ್ನಡ ಕಲಿತವರು. ನನ್ನ ಕನ್ನಡ ಕೇಳಿಸಿಕೊಂಡಿದ್ದರು.

"ಬಿಚ್ಚಮ್ಮಾ ಅದನ್ನ ಮೊದ್ಲು!"

"ಪಡುಗಾಳಿ ತಾನೆ ತಾತ, ದಡಕ್ಕೆ ತರ್ತದೆ."

"ಮಲ್ಪೆಯಲ್ಲಿ ತರ್ತದೆ. ಇಲ್ಲಿ ಕಡಲು ಯಾವ ಕಡೆ ಉಂಟು, ನೋಡು!"

ಕಡಲು ಮೂಡಣಕ್ಕಿತ್ತು, ಪಡುಗಾಳಿ ಇಲ್ಲಿ ದಡದಿಂದ ಕಡಲೊಳಕ್ಕೆ ಬೀಸುವುದು. ಆರು ವರ್ಷ ಚೆನ್ನೈಯಲ್ಲಿದ್ದೂ ಗಾಳಿ ಎಂದರೆ ನನ್ನ ತಲೆಯಲ್ಲಿ ಊರಿನ ದಿಕ್ಕೇ. ನನ್ನ ಬುದ್ಧಿಗಿಷ್ಟು! ಆದರೂ ಸೋಲಲು ಮನಸ್ಸಿಲ್ಲ. ಅವರ ಕಾಟಕ್ಕೆ ಕೊಕ್ಕೆ ಬಿಚ್ಚಿ, ಜಗಳಕ್ಕೆ ನಿಂತೆ. ಅಷ್ಟರಲ್ಲಿ ತೋಪಿನ ಮೇಲಿಂದ ರೊಯ್ಯನೆ ಗಾಳಿ ಬಂತು. ಪಟ ಕೈಯಿಂದ ಕಿತ್ತುಕೊಂಡು ಹೋಯಿತು, ಅಲೆಗಳ ಮೇಲೆ ಉರುಳುತ್ತ... ನೋಡನೋಡುತ್ತ ಕೆಂಪು ಚುಕ್ಕೆಯಾಯಿತು, ಆಮೇಲೆ ಅದೂ ಇಲ್ಲ.

"ನಿಮ್ಮಿಂದಲೇ ಹೋಯ್ತು!" ಎಂದು ಕಿರುಚಿದೆ.

"ಪಟ ತಾನೆ ಹೋಯ್ತು? ಹೋಗ್ಲಿ ಬಿಡಮ್ಮಾ," ಎಂದು ಅವರು ಬಲೆಯ ಕಡೆ ನಡೆದರು.

ಮುಖ ಊದಿಸಿಕೊಂಡೇ ಮನೆಗೆ ಬಂದೆ. ಅಮ್ಮ ಬಡಿಸಿದ ಅನ್ನದ ಮುಂದೆ ಕೂತಾಗ ಹೊಳೆಯಿತು. ಕೊಕ್ಕೆ ಬಿಚ್ಚದಿದ್ದರೆ ಆ ಚುಕ್ಕೆಯ ಜೊತೆ ನಾನೂ ಹೋಗಿರುತ್ತಿದ್ದೆ. ಬದುಕಿದೆಯಾ ಬಡಜೀವವೇ ಎಂದುಕೊಂಡು ಎರಡು ಸಲ ಅನ್ನ ಹಾಕಿಸಿಕೊಂಡು ಉಂಡೆ. ಅಂದಿನಿಂದ ಹೊಸ ಕಡಲೆಂದರೆ ಮೊದಲು ಒಂದು ಗಂಟೆ ದಡದಲ್ಲಿ ಕೂರುತ್ತೇನೆ, ಅಲ್ಲಿಯ ಮೀನುಗಾರರನ್ನು ಕೇಳದೆ ನೀರಿಗಿಳಿಯುವುದಿಲ್ಲ.

ನಾಚಿಕೆಯಿಂದ ವರ್ಷಗಟ್ಟಲೆ ಅತ್ತ ತಲೆ ಹಾಕಿರಲಿಲ್ಲ. ಹಗ್ಗ ಕೊಂಡ ಮರುದಿನ ಹೋಳಿಗೆ ಕಟ್ಟಿಕೊಂಡು ಹೋದೆ. ತಾತ ತೀರಿಕೊಂಡು ಎರಡು ವರ್ಷವಾಗಿತ್ತಂತೆ. ತುಂಬ ತಡ ಮಾಡಿಬಿಟ್ಟೆ... ನಾನು ಯಾರೆಂದು ಹೇಳುತ್ತಲೇ ಅವರ ಸೊಸೆ ನಕ್ಕು, ತಮಿಳಿನಲ್ಲಿ ಹೇಳಿದಳು:

"ಪಟ ಕಳಕೊಂಡ ಹುಡುಗಿ ನೀವೇನಾ? ಮಾವ ಆಗಾಗ ನೆನೆಸ್ಕೊಳ್ಳೋರು. ಎಲ್ಲೋ ಕೂತು ನನ್ನ ಬೈತಾ ಇರ್ತಾಳೆ, ಬೈಯೋಕಾದ್ರೂ ಇದ್ದಾಳಲ್ಲ, ಅಷ್ಟು ಸಾಕು ಅಂತ."