ಕಿಟಕಿ ಸೀಟಿನ ಪಾಯಿಂಟ್ ಪಟ್ಟಿ

ಗೆಳೆಯರೇ, ಇವತ್ತು ಬೆಳಿಗ್ಗೆ ಗೋವಾದ ವೆರ್ಣಾಕ್ಕೆ ಹೋಗುವ ನಮ್ಮ ಕಂಪನಿ ಬಸ್ಸಿನಲ್ಲಿ ನಡೆದದ್ದು. ಬಾದಾಮಿಯ ಬಸಪ್ಪ ಬೆಂಗಳೂರು ತಂಡದ ಅಭಿಮಾನಿ, ಬಾಗಲಕೋಟೆಯ ಮಕ್ತುಮ್ ಮುಂಬೈ ತಂಡದ ಅಭಿಮಾನಿ. ದಿನಾ ಕೂರುವುದು ಮಾತ್ರ ಒಂದೇ ಸೀಟಿನಲ್ಲಿ. ಕ್ರಿಕೆಟ್ ಲೀಗ್ ಶುರುವಾದಾಗಿನಿಂದ ಅವರದೊಂದು ಕರಾರು: ಪಟ್ಟಿಯಲ್ಲಿ ಯಾರ ತಂಡ ಮೇಲಿದೆಯೋ ಅವರಿಗೆ ಕಿಟಕಿ. ಮೇ ತಿಂಗಳ ಸೆಕೆಯಲ್ಲಿ ಇದು ಸಣ್ಣ ಮಾತಲ್ಲ. ನಿನ್ನೆ ಎರಡೂ ತಂಡ ಸೋತು, ಸಮ ಪಾಯಿಂಟಿನಲ್ಲಿ ಪಟ್ಟಿಯ ತಳಕ್ಕೆ ಬಂದು ಕೂತಿವೆ.

ಹಾಗಾಗಿ ಇವರು ಕೂರಲಿಲ್ಲ. ಸೀಟಿನ ಪಕ್ಕ ನಿಂತೇ ವಾದಕ್ಕಿಳಿದರು.

"ರನ್ ರೇಟ್ ನೋಡಪಾ, ನಾವು ಮ್ಯಾಲ ಅದೀವಿ," ಎಂದ ಬಸಪ್ಪ.

"ನಮಗ ಇನ್ನೂ ಎರಡು ಮ್ಯಾಚ್ ಅದಾವು, ನಿಮಗ ಒಂದ. ಪ್ಲೇಆಫಿಗೆ ಹೋಗಾವ್ರು ನಾವ," ಎಂದ ಮಕ್ತುಮ್.

"ಹೆಂಗ ಹೋಗ್ತೀರಿ?"

"ಎರಡೂ ಗೆಲ್ಲೂದು. ಚೆನ್ನೈ ಸೋಲಬೇಕು, ಕೋಲ್ಕತ್ತಾದಾಗ ಮಳಿ ಬರಬೇಕು."

ಅಷ್ಟರಲ್ಲಿ ಪ್ಯಾಕಿಂಗ್ ವಿಭಾಗದ ಶೇವಂತಿಬಾಯಿ ತಂಗಿಯ ಜೊತೆ ಬಸ್ ಹತ್ತಿದರು. ಖಾಲಿ ಇದ್ದದ್ದು ಅದೊಂದೇ ಸೀಟು. ಇಬ್ಬರ ನಡುವೆ ನುಸುಳಿ, ಕಿಟಕಿಗೆ ತಾವು ಕೂತು, ತಂಗಿಯನ್ನು ಪಕ್ಕಕ್ಕೆ ಕೂರಿಸಿಕೊಂಡರು.

"ಬಾಯಿ, ಇದು ನಮ್ಮ ಸೀಟ್ರಿ," ಎಂದ ಬಸಪ್ಪ.

"ಹೌದಾ? ಮತ್ತ ನಿಂತೀರಲ್ಲ?"

ಕಂಪನಿ ಗೇಟಿನವರೆಗೂ ಇಬ್ಬರೂ ಕಂಬಿ ಹಿಡಿದು ನಿಂತರು. ಇಳಿಯುವಾಗ ಬಸಪ್ಪ ಹೇಳಿದ: "ನಾಳೆ ಬಾಯಿ ರಜಾ ಹಾಕಬೇಕು, ಆಕಿ ತಂಗಿಗೆ ಶಿಫ್ಟ್ ಬದಲಾಗಬೇಕು. ಅಂದ್ರ ನಮಗಿನ್ನೂ ಚಾನ್ಸ್ ಐತಿ."

ಈ ಸೀಸನ್ನಿನಲ್ಲಿ ಮೊದಲ ಬಾರಿಗೆ ಮಕ್ತುಮ್ ಅವನ ಮಾತಿಗೆ ತಲೆಯಾಡಿಸಿದ.