ಒಳಗಿದ್ದವಳ ಸೀರೆ

ಮಿಡಿಗೇಶಿಯಲ್ಲಿ ನಮ್ಮ ಪಕ್ಕದ ಮನೆಯ ಕೊಲ್ಲಾಪುರಮ್ಮ ಎರಡನೇ ಹೆಂಡತಿ. ಮೊದಲನೆಯವಳು ಕೆಂಚಮ್ಮ ಬಾಣಂತಿಯಾಗಿದ್ದಾಗಲೇ ತೀರಿಕೊಂಡಿದ್ದಳು. ಕೊಲ್ಲಾಪುರಮ್ಮನ ತಾಳಿಯ ಪಕ್ಕದಲ್ಲೇ ಸತ್ತವಳ ಹೆಸರಿನ ಬೆಳ್ಳಿ ಬಿಲ್ಲೆಯೊಂದು ತೂಗುತ್ತಿತ್ತು. ಅದು ಆ ಮನೆಯ ಪದ್ಧತಿ. ಇನ್ನೊಂದು ಪದ್ಧತಿಯೂ ಇತ್ತು. ಹೊಸ ಸೀರೆ ಬಂದರೆ ಹಿರಿಯರ ಹಬ್ಬದಲ್ಲಿ ಮೊದಲು ಸವತಿಯ ಎಡೆಗೆ ಇಡಬೇಕು, ಆಮೇಲೆ ಇವಳು ಉಡಬೇಕು. ತಪ್ಪಿದರೆ ಸವತಿ ಮೊದಲು ಮಗುವಿನ ಮೇಲೆ ಕೈ ಇಡುತ್ತಾಳೆ ಎಂದು ಹೆದರಿಸಿದ್ದರು. ಕೊಲ್ಲಾಪುರಮ್ಮನಿಗೆ ಇದ್ದದ್ದು ಒಂದೇ ಗಂಡುಮಗು, ಚಿಕ್ಕರಂಗ.

ಅವಳ ಗಂಡ ಮೂಡಲಗಿರಿಯಪ್ಪನದು ಹೊರಗೆ ಥಳಕು, ಒಳಗೆ ಹುಳುಕು. ಕೆಂಚಮ್ಮ ಬದುಕಿದ್ದಾಗ ಒಂದೇ ಸೀರೆಯನ್ನು ಒಗೆದು, ಒದ್ದೆಯಲ್ಲೇ ಉಟ್ಟು ಒಣಗಿಸಿಕೊಳ್ಳುತ್ತಿದ್ದದ್ದನ್ನು ಊರೇ ಕಂಡಿತ್ತು. ಸತ್ತ ಮೇಲೆ ಮಾತ್ರ ವರ್ಷ ವರ್ಷವೂ ಅವಳಿಗೆ ಬೆಲೆಯ ಸೀರೆ. ಹಬ್ಬದ ದಿನ ಯಾರ ಮನೆ ಎಡೆಗೆ ಎಂಥ ಸೀರೆ ಬಂತು ಎಂದು ಹೆಂಗಸರು ಮನೆಮನೆಗೆ ಹೋಗಿ ಇಣುಕುತ್ತಿದ್ದರಲ್ಲ, ಅದಕ್ಕೆ. ಇಣುಕಿದವರಲ್ಲಿ ನಾನೂ ಒಬ್ಬಳು, ಸುಳ್ಳು ಯಾಕೆ.

ಐವತ್ತೆಂಟನೇ ಇಸವಿಯಲ್ಲಿ ಸಿರಾದ ಹಬೀಬ್ ಸಾಬ್ ಬಟ್ಟೆ ಗಂಟು ಹೊತ್ತು ಬಂದು ಅವರ ಜಗಲಿಯ ಮೇಲೆ ಸೀರೆಗಳನ್ನು ಬಿಚ್ಚಿದ. ನಿಮಗೆ ಯಾವ ಬಣ್ಣ ಇಷ್ಟ ಎಂದು ಕೊಲ್ಲಾಪುರಮ್ಮನನ್ನೇ ಕೇಳಿದ. ಅವಳನ್ನು ಹಾಗೆ ಯಾರೂ ಕೇಳಿದ್ದಿಲ್ಲ. ಅವಳು ನವಿಲುಗತ್ತಿನ ಬಣ್ಣದ ಸೀರೆಯ ಕಡೆ ಕೈ ಚಾಚುವಷ್ಟರಲ್ಲಿ ಗಂಡ ನಡುವೆ ಬಾಯಿ ಹಾಕಿದ.

"ಅವಳನ್ನೇನು ಕೇಳ್ತೀರ ಸಾಬ್ರೆ? ಉಡೋಳು ಒಳಗವ್ಳೆ."

ಒಳಗೆ ಯಾರೂ ಇರಲಿಲ್ಲ. ಹಬೀಬ್ ಸಾಬ್ ಒಮ್ಮೆ ಬಾಗಿಲ ಕಡೆ ನೋಡಿ ಬೇಗ ಬೇಗ ಗಂಟು ಕಟ್ಟಿದ. ಸೀರೆಯೇನೋ ಅದೇ ಬಂತು.

ಹಬ್ಬದ ದಿನ ಮೂಡಲಗಿರಿಯಪ್ಪ ಬಾವಿಗೆ ಸ್ನಾನಕ್ಕೆ ಹೋದಾಗ ಕೊಲ್ಲಾಪುರಮ್ಮ ಮನಸ್ಸು ತಡೆಯಲಾರದೆ ಆ ಸೀರೆಯನ್ನು ತಾನೇ ಮೊದಲು ಉಟ್ಟಳು. ಒಂದಾದರೂ ವಸ್ತು ಮೊದಲು ತನ್ನದಾಗಲಿ ಎಂಬ ಆಸೆ, ಅಷ್ಟೇ. ಉಟ್ಟುಕೊಂಡೇ ಕಜ್ಜಾಯ ಬೇಯಿಸಿದಳು. ಸೆರಗಿಗೆ ಬೆಲ್ಲದ ಪಾಕ ಅಂಟಿತು, ಒಲೆಯ ಮಸಿ ತಾಕಿತು. ಅಷ್ಟರಲ್ಲಿ ಗಂಡನ ಕೆಮ್ಮು ಕೇಳಿಸಿತು. ಗಾಬರಿಯಲ್ಲಿ ಬಿಚ್ಚಿ, ಕಲೆ ಒಳಗಾಗುವಂತೆ ಮಡಿಸಿ ಎಡೆಯ ಪಕ್ಕಕ್ಕಿಟ್ಟಳು. ಇದನ್ನೆಲ್ಲ ಅವಳೇ ಆಮೇಲೆ ನನಗೆ ಹೇಳಿದ್ದು.

ಸಂಜೆ ಎಡೆ ಹಾಕಿ, ಕುಡಿಯಲು ಬಿಂದಿಗೆ ನೀರಿಟ್ಟು, ಹಿರಿಯರು ಬಂದು ಉಣ್ಣಲಿ ಎಂದು ಬಾಗಿಲು ಮುಚ್ಚಿದರು. ಎಲ್ಲರೂ ಜಗಲಿಯ ಮೇಲೆ ಕೂತೆವು, ನಾನೂ ಇದ್ದೆ. ಕೊಲ್ಲಾಪುರಮ್ಮ ಮಗುವನ್ನು ಎಷ್ಟು ಬಿಗಿಯಾಗಿ ಅವುಚಿಕೊಂಡಿದ್ದಳೆಂದರೆ ಅದು ಕೊಸರಾಡುತ್ತಿತ್ತು. ಒಳಗಿನಿಂದ ಬಟ್ಟೆ ಹಿಂಡಿದ ಸದ್ದು ಕೇಳಿಸಿತು. ಆಮೇಲೆ ಯಾರೋ ಬಟ್ಟೆ ಕೊಡವಿದರು. ಹೆಂಗಸಾದವಳಿಗೆ ಆ ಸದ್ದು ತಪ್ಪಿ ಕೇಳಿಸುವುದಿಲ್ಲ. ನಾವ್ಯಾರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಬಾಗಿಲು ತೆಗೆದಾಗ ಎಡೆ ಹಾಕಿದ್ದು ಹಾಕಿದಂತೆಯೇ ಇತ್ತು. ಬಿಂದಿಗೆ ಬರಿದಾಗಿತ್ತು. ಸೀರೆ ಗೋಡೆಯ ಹಗ್ಗದ ಮೇಲೆ ನೀಟಾಗಿ ಹರವಿಕೊಂಡು ತೊಟ್ಟಿಕ್ಕುತ್ತಿತ್ತು. ಸೆರಗಿನಲ್ಲಿ ಒಂದು ಕಲೆಯೂ ಇರಲಿಲ್ಲ.

ಮೂಡಲಗಿರಿಯಪ್ಪ ಹೊಸ್ತಿಲಲ್ಲೇ ನಿಂತು ಸೀರೆಯನ್ನು ಸುಟ್ಟುಬಿಡಿ ಎಂದ. ಕೊಲ್ಲಾಪುರಮ್ಮ ಮಗುವನ್ನು ಮುಟ್ಟಿ ನೋಡಿದಳು, ಅದು ನಗುತ್ತಿತ್ತು. ಆಮೇಲೆ ಹೋಗಿ ಆ ಒದ್ದೆ ಸೆರಗನ್ನು ಮುಖಕ್ಕೆ ಒತ್ತಿಕೊಂಡು ಅತ್ತಳು.

"ನಮ್ಮವ್ವ ಸತ್ತ ಮ್ಯಾಕೆ ನನ್ನ ಬಟ್ಟೇನ ಯಾರೂ ಒಗ್ದಿರ್ಲಿಲ್ಲ ಕಣಮ್ಮ" ಎಂದಳು ನನಗೆ.

ಮುಂದಿನ ವರ್ಷ ಹಬೀಬ್ ಸಾಬ್ ಬಂದಾಗ ಅವಳು ಗಂಡನ ಎದುರಿಗೇ ಎರಡು ಸೀರೆ ಕೇಳಿದಳು. ಒಂದು ತನಗೆ. ಇನ್ನೊಂದು ಅಕ್ಕ ಕೆಂಚಮ್ಮನಿಗೆ, ಅದನ್ನು ಬೇರೆ ಯಾರೂ ಉಡಬಾರದು ಅಂದಳು. ಮೂಡಲಗಿರಿಯಪ್ಪ ಎರಡಕ್ಕೂ ದುಡ್ಡು ಎಣಿಸಿದ. ಅಂದಿನಿಂದ ಪ್ರತಿ ಹಬ್ಬದಲ್ಲೂ ಅಕ್ಕನ ಸೀರೆ ಎಡೆ ಮುಗಿದ ಮೇಲೆ ಮಡಿಕೆ ಬಿಚ್ಚದೆ ತಗಡಿನ ಪೆಟ್ಟಿಗೆ ಸೇರುತ್ತಿತ್ತು. ಹೊಸ ಸೀರೆ ಹುಳಕ್ಕೆ ಹಾಕುವ ಹುಚ್ಚಿ ಎಂದು ಊರು ನಕ್ಕಿತು. ಬೀಗದ ಕೈ ಅವಳ ಸೊಂಟದಲ್ಲಿರುತ್ತಿತ್ತು.

ಅರವತ್ತೇಳರಲ್ಲಿ ಅವಳೂ ಜ್ವರ ಬಂದು ಹೋದಳು. ಹೆಣಕ್ಕೆ ಹೊಸ ಸೀರೆ ಬೇಕಾಯಿತು. ಮಗ ಚಿಕ್ಕರಂಗ ಆ ಪೆಟ್ಟಿಗೆಯ ಬೀಗ ತೆಗೆದ, ನಾನು ಸೀರೆಗಳನ್ನು ಎತ್ತಿದೆ. ಹೊಸದು ಒಂದೂ ಇರಲಿಲ್ಲ. ಎಲ್ಲವೂ ಉಟ್ಟು, ಒಗೆದು, ಬಣ್ಣ ಬಿಟ್ಟು ತೆಳ್ಳಗಾಗಿದ್ದವು. ಕೆಲವಕ್ಕೆ ಸೆರಗಿನಲ್ಲಿ ಅರಿಶಿನದ ಬೆರಳಚ್ಚು, ಒಂದಕ್ಕೆ ಹರಿದಲ್ಲಿ ಸಣ್ಣ ಹೊಲಿಗೆ. ಗೋಡೆಗೆ ಗೋಡೆ ತಾಗಿದ ಮನೆ ನಮ್ಮದು. ಅವುಗಳಲ್ಲಿ ಒಂದನ್ನಾದರೂ ಕೊಲ್ಲಾಪುರಮ್ಮ ಉಟ್ಟಿದ್ದರೆ ನನ್ನ ಕಣ್ಣು ತಪ್ಪುತ್ತಿರಲಿಲ್ಲ.

ಚಿಕ್ಕರಂಗ ಹಿಂದೆ ಸರಿದ. ನನಗೆ ಮಾತ್ರ ಅಳು ಬಂತು. ಪಾಪ, ಕೆಂಚಮ್ಮ ಸತ್ತ ಮೇಲಾದರೂ ನಾಲ್ಕು ಸೀರೆ ಮನಸಾರೆ ಉಟ್ಟಿದ್ದಳು.