ಮುಚ್ಚಿದ ಕೋಡಿ

ಶರಣಮ್ಮಕ್ಕ, ಕೋಡಿ ಮುಚ್ಚು ಎಂದು ಯಾವ ಸಾಹೇಬರೂ ನನಗೆ ಹೇಳಿರಲಿಲ್ಲ. ಮುಚ್ಚಿದವನು ನಾನೇ, ಸುಳ್ಳು ಹೇಳಿದವನೂ ನಾನೇ.

ಕುರಕುಂಟಾದಲ್ಲಿ ನನ್ನ ಹೊಲ ಮೇಲೆ, ನಿನ್ನದು ಕೆಳಗೆ. ಪ್ರತಿ ವರ್ಷ ಮುಂಗಾರಿನ ಮಿರಗದ ಮಳೆಗೆ ಮುಂಚೆ ಎರಡೂ ಮನೆಯವರು ಸೇರಿ, ನಡುವಿನ ಒಡ್ಡಿನಲ್ಲಿದ್ದ ಕೋಡಿಯ ಹೂಳು ತೆಗೆಯುತ್ತಿದ್ದೆವು. ನನ್ನ ಹೊಲ ಕುಡಿದು ಮಿಕ್ಕ ನೀರು ಅಲ್ಲಿಂದ ನಿನ್ನ ಹೊಲಕ್ಕೆ ಇಳಿಯುತ್ತಿತ್ತು. ಆ ನೀರಿನಲ್ಲೇ ನೀನು ಬದನೆ, ಪುಂಡಿಪಲ್ಯದ ಸೊಪ್ಪು ಬೆಳೆದು ಸೇಡಂ ಸಂತೆಗೆ ಒಯ್ಯುತ್ತಿದ್ದೆ. ನಮ್ಮ ಮನೆಯವರು ಪುಂಡಿಪಲ್ಯ ಕೊಂಡದ್ದೇ ನೆನಪಿಲ್ಲ — ಬೇಕಾದಷ್ಟು ಕಿತ್ತುಕೊಳ್ಳಿ ಎನ್ನುತ್ತಿದ್ದೆ.

ಆಮೇಲೆ ನನಗೆ ಸಬ್ಸಿಡಿಯ ಕೃಷಿ ಹೊಂಡ ಮಂಜೂರಾಯಿತು. ಜಾಗ ಗುರುತು ಹಾಕಲು ಬಂದ ಕೃಷಿ ಇಲಾಖೆಯ ಸಾಹೇಬರು ಸ್ಪಷ್ಟವಾಗಿಯೇ ಹೇಳಿದ್ದರು — "ಕೋಡಿ ತೆರೆದಿಡ್ರಿ, ಕೆಳಗಿನ ಹೊಲಕ್ಕೂ ನೀರು ಹೋಗ್ಲಿ." ಹೂಂ ಎಂದೆ. ಹಿಂದಿನ ವರ್ಷ ನನ್ನ ತೊಗರಿ ಹೂವಿನಲ್ಲೇ ಒಣಗಿತ್ತು. ಹೊಂಡ ತುಂಬದೇ ಹೋದರೆ ಎಂಬ ಭಯ — ಭಯವೋ, ಆಸೆಯೋ… ಅಗೆದ ಮಣ್ಣನ್ನೇ ಕೋಡಿಗೆ ತುಂಬಿಸಿಬಿಟ್ಟೆ.

ನೀನು ಸಲಿಕೆ ಹಿಡಿದು ಬಂದು ನಿಂತೆ.

"ಇದ್ಯಾಕ ಮುಚ್ಚೀದಿ ತಮ್ಮಾ?"

"ಸಾಹೇಬ್ರು ಮುಚ್ಚಂದಾರಕ್ಕ. ತೆಗದ್ರ ಸಬ್ಸಿಡಿ ಬರಂಗಿಲ್ಲ."

"ಸರಕಾರದ್ದು ಹಂಗಿದ್ರ ನೀ ಏನ್ ಮಾಡ್ತಿ, ಬಿಡು," ಎಂದು ಸಲಿಕೆ ಹೆಗಲಿಗೇರಿಸಿ ಹೋದೆ. ಬೈದಿದ್ದರೆ ನಾನು ಅಲ್ಲೇ ಬಾಯಿ ಬಿಡುತ್ತಿದ್ದೆನೇನೋ — ಇಲ್ಲ, ಅದೂ ನೆಪವೇ.

ಮುಂದೆ ಎರಡು ವರ್ಷ ಮಳೆ ಕೈಕೊಟ್ಟಿತು. ಬಂದಷ್ಟು ನೀರು ನನ್ನ ಹೊಂಡದಲ್ಲೇ ನಿಂತಿತು. ನಾನು ಉಳ್ಳಾಗಡ್ಡಿ ಬೆಳೆದೆ. ನಿನ್ನ ಹೊಲ ಬಿರುಕು ಬಿಟ್ಟಿತು. ಕಡೆಗೆ ನೀನು ಅದನ್ನು ಕಲ್ಲಿನ ಖಣಿಯವರಿಗೆ ಮಾರಿ ಸುಲೇಪೇಟದ ಮಗಳ ಮನೆ ಸೇರಿದೆ. ಊರವರು ಬರವನ್ನು ಬೈದರು. ನಾಚಿಕೆಯಿಲ್ಲದೆ ನಾನೂ ದನಿಗೂಡಿಸಿದೆ.

ಮೊನ್ನೆ ಕೋಡಿ ಬಿಡಿಸಿದೆ, ಅಕ್ಕ. ರಾತ್ರಿ ಮಳೆಯಾಗಿತ್ತು, ನೀರು ಹಳೆಯ ದಾರಿಯಲ್ಲೇ ಇಳಿಯಿತು — ಇಳಿದು, ನಿನ್ನ ಪುಂಡಿಪಲ್ಯವಿದ್ದ ಜಾಗದ ಖಣಿಯ ಗುಂಡಿಗೆ ಬಿತ್ತು. ಒಡ್ಡಿನ ಮೇಲೆ ಕುಳಿತು ಅತ್ತುಬಿಟ್ಟೆ. ಅತ್ತರೆ ಮಣ್ಣು ಮರಳಿ ಬರುವುದಿಲ್ಲ.

ಸುಲೇಪೇಟಕ್ಕೆ ಬಂದಾಗಲೆಲ್ಲ ನೀನು ಚಹಾ ಕೊಟ್ಟು, "ಆ ಸಾಹೇಬ ನನ್ನ ಹೊಟ್ಟಿ ಮ್ಯಾಲ ಹೊಡದ ನೋಡು," ಎನ್ನುತ್ತೀ. ನಾನು ತಲೆಯಾಡಿಸಿ ಚಹಾ ಕುಡಿಯುತ್ತೇನೆ.

ಸೋಮವಾರ ಬರುತ್ತೇನೆ. ಈ ಸಲ ನೀನು ಚಹಾಕ್ಕೆ ಇಡುವ ಮೊದಲೇ, ಮನಸ್ಸಿನಲ್ಲೇ ಹೇಳಿಕೊಂಡ ಇದನ್ನೆಲ್ಲ ಬಾಯಿಬಿಟ್ಟು ಹೇಳುತ್ತೇನೆ. ಆಮೇಲೆ ಕುಂದ್ರು ಎನ್ನುವುದು, ಬಿಡುವುದು ನಿನಗೆ ಬಿಟ್ಟದ್ದು.